ಆರ್ಟಿಸ್ಟು ಲೈನ್ ಚೇಂಜ್ ಮಾಡಿದ್ದಾರೆ

ಅವರ ನಿಜವಾದ ಹೆಸರು ಗೊತ್ತಿರುವುದು ನಮ್ಮ ಬಡಾವಣೆಯ ರೇಷನ್ ಅಂಗಡಿಯವನಿಗೆ ಮಾತ್ರ. ಮಿಕ್ಕವರಿಗೆಲ್ಲ ಅವರು ಆರ್ಟಿಸ್ಟು. ಇಂಥವರೊಬ್ಬರು ನಿಮ್ಮೂರಲ್ಲೂ ಇದ್ದೇ ಇರುತ್ತಾರೆ: ಅಂಗಿಯ ಜೇಬಿನ ಅಂಚಿಗೆ ಹಳದಿ ಪೇಂಟು, ಉಗುರಿನ ಸಂದಿಯಲ್ಲಿ ಕೆಂಪು, ಮಾತು ಮಾತಿಗೆ "ನಮ್ ಫೀಲ್ಡಲ್ಲಿ ಸಾರ್..." ಈಗೇನು ಮಾಡುತ್ತಿದ್ದೀರಿ ಎಂದು ಕೇಳಿದರೆ "ಸ್ವಲ್ಪ ಲೈನ್ ಚೇಂಜ್ ಮಾಡಿದೀನಿ" ಅನ್ನುತ್ತಾರೆ. ಕೆಲಸ ಹೋಯಿತು ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಅವರ ಲೆಕ್ಕದಲ್ಲಿ ಕೆಲಸ ಅವರನ್ನು ಬಿಟ್ಟಿಲ್ಲ. ಅವರೇ ಅದನ್ನು ಬಿಟ್ಟು ಮುಂದೆ ಹೋದವರು.

ಮೂಲತಃ ಗಾಂಧಿನಗರದ ಕಟೌಟಿನವರು. ಕೆಂಪೇಗೌಡ ರಸ್ತೆಯಲ್ಲಿ ಸಂತೋಷ್, ನರ್ತಕಿ, ಸಾಗರ್ ಟಾಕೀಸುಗಳ ಮುಂದೆ ಹೀರೋಗಳು ಮೂರು ಮಾಳಿಗೆಯೆತ್ತರ ನಿಲ್ಲುತ್ತಿದ್ದ ಕಾಲ. ಸ್ಟಿಲ್ ಫೋಟೋದ ಮೇಲೆ ಪೆನ್ಸಿಲಿನಲ್ಲಿ ಚೌಕಳಿ ಎಳೆದು, ಅಷ್ಟೇ ಚೌಕಗಳನ್ನು ಪ್ಲೈವುಡ್ಡಿನ ಮೇಲೆ ದೊಡ್ಡದಾಗಿ ಹಾಕಿಕೊಂಡು, ಆ ಚೌಕದಲ್ಲಿರುವುದನ್ನು ಈ ಚೌಕಕ್ಕೆ ಇಳಿಸುವುದು ವಿದ್ಯೆ. ಅದರಲ್ಲೂ ಜಾತಿಪದ್ಧತಿ ಇತ್ತು. ಹೊಸಬರು ಬೂಟು ಬಳಿಯಬೇಕು. ಬೂಟು ಪಳಗಿದ ಮೇಲೆ ಪ್ಯಾಂಟು, ಆಮೇಲೆ ಅಂಗಿ. ಮುಖ ಗುರುವಿನದು. ನಮ್ಮ ಆರ್ಟಿಸ್ಟು ಬೂಟಿನಿಂದ ಹೊರಟು ಕಣ್ಣಿನವರೆಗೆ ಬಡ್ತಿ ಪಡೆದವರು. ಅವರ ಕೈಕೆಳಗೊಬ್ಬ ಶಿಷ್ಯನಿದ್ದ. ಅವನು ಕೊನೆಯವರೆಗೂ ಬೂಟಿನಲ್ಲೇ ಉಳಿದ. ಅವನು ಎಳೆದ ಗೆರೆ ನೇರ ಬಂದ ದಾಖಲೆಯಿಲ್ಲ.

"ರಾಜ್‌ಕುಮಾರ್ ಮೂಗು ಕೂತ್ಕೊಳ್ತು ಅಂದ್ರೆ ಮುಖ ಬಂದಂಗೇ ಸಾರ್. ವಿಷ್ಣುವರ್ಧನ್ ಕೈಗೆ ಕಡಗ ಹಾಕೋದು ಮರೆತ್ರೋ, ಅಭಿಮಾನಿಗಳು ಏಣಿ ಸಮೇತ ನಮ್ಮನ್ನ ಕೆಳಗಿಳಿಸ್ತಿದ್ರು." 1995ರ 'ಓಂ' ಚಿತ್ರದ ಮೇಲೆ ಅವರಿಗೆ ವಿಶೇಷ ಅಕ್ಕರೆ. ಕಥೆಗಲ್ಲ, ಉಪೇಂದ್ರರ ನಿರ್ದೇಶನಕ್ಕೂ ಅಲ್ಲ, ಶಿವರಾಜ್‌ಕುಮಾರ್ ಗಡ್ಡಕ್ಕೆ. ಗಡ್ಡದೊಳಗೆ ಎಷ್ಟು ತಪ್ಪಾದರೂ ಮುಚ್ಚಿಹೋಗುತ್ತದಂತೆ.

ಆಮೇಲೆ ಫ್ಲೆಕ್ಸ್ ಬಂತು. ರಾತ್ರಿ ಫೈಲು ಕೊಟ್ಟರೆ ಬೆಳಿಗ್ಗೆ ಹೀರೋ ಸುರುಳಿ ಸುತ್ತಿಕೊಂಡು ಆಟೋದಲ್ಲಿ ಬಂದಿಳಿಯುತ್ತಾನೆ. ಮುಖ ಥೇಟ್ ಫೋಟೋದ ಹಾಗೇ ಇರುತ್ತದೆ. ಅವರ ಆಕ್ಷೇಪವೂ ಅದೇ. "ನಾವು ಬರೆದಿದ್ದನ್ನ ಹೀರೋನೇ ಬಂದು ನೋಡಿ, ನಾನು ಹಿಂಗೂ ಇದೀನಾ ಅಂತಿದ್ರು ಸಾರ್!" ಅದರಲ್ಲಿ ಮೆಚ್ಚುಗೆ ಎಷ್ಟಿತ್ತು, ಗಾಬರಿ ಎಷ್ಟಿತ್ತು ಎಂದು ನಾನು ವಿಚಾರಿಸಲು ಹೋಗಿಲ್ಲ.

ಚುನಾವಣೆಯ ಗೋಡೆಗಳಾದರೂ ಇದ್ದಾವಲ್ಲ ಅಂದರೆ, ಆ ಅನ್ನಕ್ಕೆ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಗೋಡೆಬರಹ ನಿಲ್ಲಿಸಿ ಆಗಲೇ ಕಲ್ಲು ಹಾಕಿ ಹೋಗಿದ್ದರು. ಅದಕ್ಕೆ ಮುಂಚೆ ಒಂದೇ ಮಧ್ಯಾಹ್ನ, ಒಂದೇ ಬೀದಿಯಲ್ಲಿ ಕೈ, ಕಮಲ, ಚಕ್ರ ಮೂರನ್ನೂ ಬರೆದು ಮೂರೂ ಕಡೆ ಕಾಸು ಎಣಿಸಿಕೊಂಡ ಅಪ್ಪಟ ಪಕ್ಷಾತೀತ ಮನುಷ್ಯ ಅವರು. ಎಸಳು ಜಾಸ್ತಿ ಎನ್ನುವ ಒಂದೇ ಕಾರಣಕ್ಕೆ ಕಮಲದ ದರ ಹೆಚ್ಚಿತ್ತು. ಸಿದ್ಧಾಂತದ ಪ್ರಶ್ನೆ ಏನಿಲ್ಲ.

ಹೀಗೆ ನಂಬರ್ ಪ್ಲೇಟಿಗೆ ಬಂದರು. ಎರಡಡಿ ಕಣ್ಣು ಬರೆದ ಕೈ ಎರಡಿಂಚಿನ ಅಕ್ಷರಕ್ಕೆ ಇಳಿಯಿತು. ಕನ್ನಡ ಅಂಕಿ, ಕೆಳಗೆ 'ತಂದೆ ತಾಯಿ ಆಶೀರ್ವಾದ', ಮೂಲೆಯಲ್ಲಿ ಕಡಲೆಬೀಜದಷ್ಟು ಅಣ್ಣಾವ್ರು. ಪೊಲೀಸರು ದಂಡ ಹಾಕಿದರೆ ಗಿರಾಕಿ ಅಳಿಸಲು ಬರುತ್ತಿದ್ದ, ತಿಂಗಳು ಬಿಟ್ಟು ಮತ್ತೆ ಬರೆಸಲು ಬರುತ್ತಿದ್ದ. ಎರಡಕ್ಕೂ ದುಡ್ಡು.

ನಡುವೆ ಒಮ್ಮೆ ಶುಕ್ರದೆಸೆಯ ಸೂಚನೆ ಕಂಡಿತ್ತು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದ ಮೇಲೆ ಪಾಲಿಕೆಯವರು ಬೆಂಗಳೂರಿನ ಫ್ಲೆಕ್ಸುಗಳನ್ನೆಲ್ಲ ಕಿತ್ತು ಲಾರಿಗೆ ತುಂಬಿದರು. ಆರ್ಟಿಸ್ಟು ಬೀದಿಗೆಲ್ಲ ಮೈಸೂರ್ ಪಾಕ್ ಹಂಚಿ, ಹೊಸ ಬ್ರಷ್ಷು ತಂದು ಕಾದರು. ಯಾರೂ ಬರಲಿಲ್ಲ. ಬಂದದ್ದು ಮತ್ತೆ ಫ್ಲೆಕ್ಸೇ: ಯುವ ನಾಯಕರೊಬ್ಬರಿಗೆ 'ಹಾರ್ಧಿಕ ಶುಭಾಷಯಗಳು'. ಆರ್ಟಿಸ್ಟಿಗೆ ಸಂಕಟವಾದದ್ದು ಕಾನೂನು ಮುರಿದದ್ದಕ್ಕಲ್ಲ, ಕಾಗುಣಿತ ಮುರಿದದ್ದಕ್ಕೆ.

2023ರ ಆಗಸ್ಟಿನಲ್ಲಿ ಸರ್ಕಾರ, 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಗಳೆಲ್ಲ ಅತಿ ಸುರಕ್ಷಿತ ನೋಂದಣಿ ಫಲಕ ಹಾಕಿಸಬೇಕೆಂದಿತು. ಅಲ್ಯೂಮಿನಿಯಂ ತಗಡಿಗೆ ಯಂತ್ರವೇ ಅಕ್ಷರ ಒತ್ತುತ್ತದೆ. ಅಣ್ಣಾವ್ರಿಗೂ ಜಾಗವಿಲ್ಲ, ಅಪ್ಪ ಅಮ್ಮನಿಗೂ ಜಾಗವಿಲ್ಲ. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋದಾಗ ಇಡೀ ರಾಜ್ಯದಲ್ಲಿ ಸರ್ಕಾರವನ್ನು ಮನಸಾರೆ ಹೊಗಳಿದವರು ಇವರೊಬ್ಬರೇ ಇರಬೇಕು. 2024ರಲ್ಲಿ ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಕಡ್ಡಾಯವಾದಾಗ "ನೋಡ್ತಾ ಇರಿ ಸಾರ್" ಅಂದರು. ಅಂಗಡಿಯವರೆಲ್ಲ ಅಕ್ರಿಲಿಕ್ ಕತ್ತರಿಸಿ ಅಂಟಿಸಿಕೊಂಡರು. ಒಬ್ಬ ಬಟ್ಟೆ ಅಂಗಡಿಯವನು ಮಾತ್ರ ಇವರನ್ನು ಕರೆದ, ಬರೆಯಲಿಕ್ಕಲ್ಲ, ಶೇ. 60 ಆಗಿದೆಯೋ ಇಲ್ಲವೋ ಅಳೆದು ಹೇಳಲಿಕ್ಕೆ. ಬೋರ್ಡಿಗೆ ಚೌಕಳಿ ಹಾಕಿ ಎಣಿಸಿ, "ಐವತ್ತೆಂಟು. ಒಂದು ದೀರ್ಘ ಸೇರಿಸಿ" ಅಂದು ಬಂದರು.

ಇಷ್ಟೆಲ್ಲದರ ನಡುವೆ ಮನೆ ನಡೆದದ್ದು ಅವರ ಮನೆಯವರ ಹೊಲಿಗೆ ಯಂತ್ರದಿಂದ. "ಇವರು ಲೈನ್ ಚೇಂಜ್ ಮಾಡಿದಾಗೆಲ್ಲ ನಾನು ಎರಡು ಬ್ಲೌಸ್ ಜಾಸ್ತಿ ಹೊಲೀಬೇಕು ಕಣಣ್ಣ," ಎಂದು ಆಕೆ ನನಗೆ ಕಾಫಿ ಕೊಡುತ್ತಾ ಹೇಳಿದ್ದುಂಟು. ಆಗ ಆರ್ಟಿಸ್ಟು ಗೋಡೆಯ ಮೇಲಿನ ಕ್ಯಾಲೆಂಡರಿನ ಅಕ್ಷರ ಪರೀಕ್ಷಿಸುತ್ತಿದ್ದರು.

ಈಚೆಗೆ ಇಂದಿರಾನಗರದ ಕಾಫಿ ಅಂಗಡಿಯೊಂದರಿಂದ ಕರೆ ಬಂತು. ಗೋಡೆಯ ತುಂಬ ಹಳೇ ಸಿನಿಮಾ ಬ್ಯಾನರಿನ ಥರ ಬರೆದುಕೊಡಬೇಕು. ಹೇಳಿದ ಮೊತ್ತ ಒಂದು ವರ್ಷದ ನಂಬರ್ ಪ್ಲೇಟಿಗೆ ಸಮ. ಆರ್ಟಿಸ್ಟು ದಾರ ಕಟ್ಟಿ, ಸುಣ್ಣದ ಗೆರೆ ಎಳೆದು, ಕೂದಲೆಳೆ ಆಚೀಚೆ ಆಗದಂತೆ ಬರೆದರು. ಮಾಲೀಕ ಹುಡುಗ ಬಂದು ನೋಡಿ ಮುಖ ಸಪ್ಪೆ ಮಾಡಿದ. "ಪ್ರಿಂಟ್ ಥರ ಕಾಣ್ತಿದೆ ಅಂಕಲ್. ಸ್ವಲ್ಪ ಸೊಟ್ಟಗಿರ್ಲಿ. ಕೈಯಲ್ಲಿ ಬರೆದಿದ್ದು ಅಂತ ಗೊತ್ತಾಗ್ಬೇಕು."

ಆ ರಾತ್ರಿ ಆರ್ಟಿಸ್ಟು ಊಟ ಮಾಡಲಿಲ್ಲ. ನೇರವಾಗಿ ಬರೆಯಲು ಗುರುವಿನಿಂದ ಏಟು ತಿಂದ ಕೈ ಅದು. ಮನೆಯವರು ಮೊತ್ತ ಕೇಳಿಕೊಂಡು, "ಅಷ್ಟು ಕೊಡ್ತಾರೆ ಅಂದ್ರೆ ತಲೆಕೆಳಗಾಗಿ ಬೇಕಾದ್ರೂ ಬರೀರಿ" ಅಂದರು. ಮರುದಿನ ಪ್ರಯತ್ನಿಸಿದರು, ಅದರ ಮರುದಿನವೂ ಪ್ರಯತ್ನಿಸಿದರು. ಏನು ಮಾಡಿದರೂ ಅಕ್ಷರ ಸೊಟ್ಟಗಾಗಲೊಲ್ಲದು. ಕೊನೆಗೆ ಮಾಗಡಿ ರೋಡಿನಲ್ಲಿ ಎಳನೀರು ಮಾರಿಕೊಂಡಿದ್ದ ಹಳೆಯ ಶಿಷ್ಯನನ್ನು ಹುಡುಕಿ ಕರೆತಂದರು. ಅವನು ದಾರ ಕಟ್ಟಲಿಲ್ಲ, ಗೆರೆ ಎಳೆಯಲಿಲ್ಲ, ಅರ್ಧ ದಿನದಲ್ಲಿ ಬರೆದು ಮುಗಿಸಿದ. ಮಾಲೀಕ ಹುಡುಗ ಅವನ ಕೈ ಹಿಡಿದುಕೊಂಡು ಫೋಟೋ ತೆಗೆಸಿಕೊಂಡ. ಅಲ್ಲಿಂದ ಕೋರಮಂಗಲಕ್ಕೆ ಸುದ್ದಿ ಹೋಯಿತು.

ಈಗ ಅಕ್ಷರ ಶಿಷ್ಯನದು, ಸಹಿಯೂ ಅವನದೇ. ಆರ್ಟಿಸ್ಟು ಬಣ್ಣ ಕಲಸಿಕೊಡುತ್ತಾರೆ; ಅಪರೂಪಕ್ಕೆ ಬೂಟಿನ ಚಿತ್ರವಿದ್ದರೆ ಅದನ್ನೂ ಬಳಿಯುತ್ತಾರೆ. "ಮ್ಯಾನೇಜ್‌ಮೆಂಟ್ ಸೈಡಿಗೆ ಲೈನ್ ಚೇಂಜ್ ಮಾಡಿದೀನಿ ಸಾರ್" ಅನ್ನುತ್ತಾರೆ.

ನಿಮ್ಮ ಮನೆಯಲ್ಲಿ ಗೋಡೆ ಖಾಲಿ ಇದ್ದರೆ ತಿಳಿಸಿ. ನೇರ ಅಕ್ಷರ ಬೇಕಾದರೆ ಆರ್ಟಿಸ್ಟು ನಾಳೆಯೇ ಸಿಗುತ್ತಾರೆ. ಸೊಟ್ಟ ಅಕ್ಷರವೇ ಬೇಕೆಂದರೆ ದೀಪಾವಳಿ ಮುಗಿಯುವವರೆಗೆ ಡೇಟ್ ಇಲ್ಲ.