ಅಜ್ಜನ ಹಿಂದಿನ ವಿಮಾನ

ಹಳೆಯ ಫೋಟೋದಲ್ಲಿರುವ ವಿಮಾನದ ಕುಲಗೋತ್ರ ಹೇಳುವವರು ಬೆಂಗಳೂರಿನ ವಿಮಾನಪುರ, ಮುರುಗೇಶಪಾಳ್ಯ, ಜೀವನಭೀಮಾನಗರದ ಸುತ್ತಮುತ್ತ ಹೆಚ್ಚಾಗಿ ಕಂಡುಬರುತ್ತಾರೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೇ ಈ ಸಂತತಿಯ ಮೂಲಸ್ಥಾನ. ಸರ್ವೀಸಿನಲ್ಲಿ ರಿವೆಟ್ ಹೊಡೆದವರು ರಿಟೈರಾದ ಮೇಲೆ ಭೂತಗನ್ನಡಿ ಹಿಡಿಯುತ್ತಾರೆ. ಕಾರ್ಖಾನೆಯ ಗೇಟನ್ನೇ ದಾಟದವರೂ ಈ ವರ್ಗದಲ್ಲಿದ್ದಾರೆ. ಅವರ ಭೂತಗನ್ನಡಿ ಇನ್ನೂ ದೊಡ್ಡದು.

ಪತ್ತೆಗೆ ಒಂದು ಶಾಸ್ತ್ರವಿದೆ. ಮೊದಲು ರೆಕ್ಕೆ ಎಣಿಸಬೇಕು. ಎರಡು ಅಂತಸ್ತಿದ್ದರೆ ಟೈಗರ್ ಮಾತ್ ಇರಬಹುದೆಂದು ಮನಸ್ಸು ಹೊರಳುತ್ತದೆ. ಎಂಜಿನ್ ನಾಲ್ಕಿದ್ದು ಬಾಲದಲ್ಲಿ ಎರಡು ಹಲಗೆ ನೆಟ್ಟಗೆ ನಿಂತಿದ್ದರೆ ಲಿಬರೇಟರ್. ಈ ಹೆಸರು ಬಂತೆಂದರೆ ಕಾಫಿ ಆರಿತೆಂದೇ ಲೆಕ್ಕ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಸಾಕಿ ಹೋದ ಲಿಬರೇಟರ್‌ಗಳನ್ನು ಬೆಂಗಳೂರಿನವರು ಹೇಗೋ ಎಬ್ಬಿಸಿ ಹಾರಿಸಿಕೊಂಡು ಬಂದು ರಿಪೇರಿ ಮಾಡಿದ್ದು, ಅವು ವಾಯುಪಡೆಯಲ್ಲಿ 1968ರವರೆಗೆ ದುಡಿದದ್ದು, ಇಷ್ಟನ್ನೂ ಹೇಳಿ ಮುಗಿಸದೆ ಮುಂದಿನ ಫೋಟೋ ಮುಟ್ಟುವ ಪದ್ಧತಿ ಇಲ್ಲ.

ಇಸವಿ ಬೇಕೆಂದರೆ ವಿಮಾನದ ಪಕ್ಕೆಯ ಮೇಲಿನ ಬಿಲ್ಲೆ ನೋಡಬೇಕು. ಜಪಾನಿನ ಮೇಲಿನ ಯುದ್ಧದಲ್ಲಿ ಬಿಲ್ಲೆಯ ನಡುವಿನ ಕೆಂಪನ್ನು ಅಳಿಸಿದ್ದರು. ಜಪಾನಿನ ಕೆಂಪು ಸೂರ್ಯನೆಂದು ತಿಳಿದು ತಮ್ಮವರೇ ಗುಂಡು ಹಾರಿಸಬಾರದಲ್ಲ! ಸ್ವಾತಂತ್ರ್ಯ ಬಂದ ಮೇಲೆ ಸ್ವಲ್ಪ ಕಾಲ ಅಶೋಕಚಕ್ರ, ಆಮೇಲೆ ತ್ರಿವರ್ಣ. ಕಪ್ಪು-ಬಿಳುಪಿನಲ್ಲಿ ಬಣ್ಣ ತಿಳಿಯುವುದು ಹೇಗೆಂದು ಬಾಯಿತಪ್ಪಿ ಕೇಳಿದವರಿಗೆ ಇನ್ನೊಂದು ಪಾಠ: ಹಳೆಯ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣದು, ಅದು ಕಪ್ಪಾಗಿ ಮೂಡುತ್ತದೆ, ನೀಲಿ ಬೆಳ್ಳಗಾಗುತ್ತದೆ. ನಾಗರಿಕ ವಿಮಾನವಾದರೆ ಭಾರತದ್ದಕ್ಕೆ ‘ವಿಟಿ’ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಅವು ಸಾಲಿನ ಕೊನೆಗೆ ಹೋಗಿ ‘ಟಿವಿ’ ಎಂದು ಕಂಡರೆ ಸ್ಟುಡಿಯೋದವನು ನೆಗೆಟಿವ್ ಉಲ್ಟಾ ಹಾಕಿದ್ದಾನೆ.

ಫೋಟೋದಲ್ಲಿರುವ ಮನುಷ್ಯರಿಗೆ ಈ ಶಾಸ್ತ್ರದಲ್ಲಿ ಜಾಗವಿಲ್ಲ. ಅವರು ವಿಮಾನಕ್ಕೆ ಅಡ್ಡ ಬಂದವರು, ಅಷ್ಟೆ.

ಬಳ್ಳಾರಿ ಕಡೆಯವರ ಆಲ್ಬಂ ಸಿಕ್ಕಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಹಾರಿಸಿ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿ ಮಾರ್ಗವಾಗಿ ಮದರಾಸಿಗೆ ಒಯ್ದರು. ವಿಮಾನ ಪುಸ್ ಮಾತ್. ತಮ್ಮ ಅಜ್ಜ ಹಾರ ಹಾಕಿಕೊಂಡು ನಿಂತಿರುವುದು ಅದರ ಮುಂದೆಯೇ ಎಂಬುದು ಮನೆಯವರ ನಂಬಿಕೆ. ಆದರೆ ಮರುವರ್ಷ ಬಂದ ಲೆಪರ್ಡ್ ಮಾತ್‌ಗೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ವ್ಯತ್ಯಾಸವಿರುವುದು ಗಾಲಿಯ ಕಾಲಿನಲ್ಲಿ: ಪುಸ್ ಮಾತ್‌ನದು ಮೇಲಕ್ಕೆ ರೆಕ್ಕೆಯ ಬುಡಕ್ಕೆ ಹೋಗಿ ಸೇರುತ್ತದೆ, ಲೆಪರ್ಡ್‌ನದು ಅಲ್ಲಿಗೆ ಹೋಗುವುದಿಲ್ಲ. ಆ ಕಾಲನ್ನು ಬುಡದಿಂದ ತುದಿಯವರೆಗೂ ಮುಚ್ಚಿಕೊಂಡು ಅಜ್ಜ ನಿಂತಿದ್ದಾರೆ, ಉಳಿದ ಸಂದಿಯನ್ನು ಜರಿಪೇಟ ನೋಡಿಕೊಂಡಿದೆ.

‘ತಾತ ಒಂದು ಗೇಣು ಆಚೆ ಸರಿದಿದ್ದರೆ ಏನಾಗ್ತಿತ್ತಮ್ಮ?’

‘ಪಾಪ, ವಿಮಾನ ನೋಡಬೇಕು ಅಂತ ರಾತ್ರಿಯೆಲ್ಲ ಎತ್ತಿನ ಗಾಡೀಲಿ ಹೋಗಿದ್ದರಂತೆ ಅಂಕಲ್.’

‘ಹೋಗಿದ್ದೇನೋ ಸರಿ. ನಿಲ್ಲೋಕೆ ಬರಬೇಕಲ್ಲ!’

‘ಗೊತ್ತಿಲ್ಲ’ ಎಂಬ ಮಾತು ಈ ವರ್ಗದ ಕೋಶದಲ್ಲಿಲ್ಲ. ಅದರ ಬದಲು ಈ ಮಾತ್‌ಗಳನ್ನೆಲ್ಲ ಕಟ್ಟಿದ ಕಂಪನಿಯ ಹೆಸರು ಹಿಡಿದು ‘ಡಿ ಹ್ಯಾವಿಲೆಂಡ್ ಮನೆತನದ್ದೇ’ ಎನ್ನುತ್ತಾರೆ. ಇಂಥ ಇಬ್ಬರು ಒಂದೇ ಸೋಫಾದಲ್ಲಿ ಕೂತರೆ ಮಾತ್ರ ಆ ಮನೆತನವೂ ಪಾಲಾಗುತ್ತದೆ.

ಇನ್ನುಳಿದದ್ದು ಜಾತ್ರೆಯ ಸ್ಟುಡಿಯೋದ ರಟ್ಟಿನ ವಿಮಾನ. ಕಿಟಕಿಯಲ್ಲಿ ಹೊಸ ದಂಪತಿಗಳ ಮುಖ, ಹಿಂದೆ ಪರದೆಯ ಮೋಡ. ನಗಲೆಂದು ತೋರಿಸಿದರೂ ಪತ್ತೆಗಾರರು ನಗುವುದಿಲ್ಲ. ಬಾಲದ ಮೂರು ಹಲಗೆ ಎಣಿಸಿ, ಪೇಂಟರ್ ಏರ್ ಇಂಡಿಯಾದ ಕಾನ್‌ಸ್ಟೆಲೇಷನ್ ನೋಡಿದ್ದಾನೆ, ಹಾಗಾಗಿ ಈ ಮದುವೆ 1948ಕ್ಕಿಂತ ಹಿಂದಿನದಲ್ಲ ಎಂದು ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. ತನ್ನ ಮದುವೆ ಆದದ್ದು 1946ರಲ್ಲಿ ಎಂದು ಅಜ್ಜಿ ಒಳಗಿನಿಂದ ಕೂಗಿ ಹೇಳಿದರೆ, ವಯಸ್ಸಾದವರಿಗೆ ಇಸವಿ ನೆನಪಿರುವುದಿಲ್ಲ ಎಂದು ಮನೆಯವರಿಗೆ ಮೆಲ್ಲಗೆ ತಿಳಿಸುತ್ತಾರೆ.