ಮೂವತ್ತು ಆಂಪಿಯರಿನ ಸಂಸಾರ

ನ್ಯೂಜೆರ್ಸಿ ಸಂಸ್ಥಾನದಲ್ಲಿ ವಾಸಿಸುವ ಗೃಹಸ್ಥನು ತನ್ನ ವಾಹನಕ್ಕೆ ತಾನೇ ಪೆಟ್ರೋಲು ತುಂಬಿಕೊಳ್ಳುವಂತಿಲ್ಲ. 1949ರ ಶಾಸನವೊಂದು ಆ ಕಾರ್ಯವನ್ನು ಬಂಕಿನ ನೌಕರನಿಗೇ ಮೀಸಲಾಗಿರಿಸಿದೆ. ಅಮೆರಿಕದ ಇತರ ಸಂಸ್ಥಾನಗಳೆಲ್ಲ ಇಂಥ ಕಟ್ಟುಪಾಡುಗಳನ್ನು ಸಡಿಲಿಸಿದ ಮೇಲೂ ಇದೊಂದು ಮಾತ್ರ ತನ್ನ ಪ್ರಜೆಗಳ ಹಸ್ತಕೌಶಲದಲ್ಲಿ ವಿಶ್ವಾಸವಿರಿಸಲು ಇನ್ನೂ ಸಮ್ಮತಿಸಿಲ್ಲ. ಅದೇ ಗೃಹಸ್ಥನು ಮೋಟಾರ್‌ಹೋಮ್ ಒಂದನ್ನು ಬಾಡಿಗೆಗೆ ಹಿಡಿದು, ಪತ್ನೀಪುತ್ರರನ್ನೂ, ಆರು ತಿಂಗಳ ಮಟ್ಟಿಗೆ ಊರಿನಿಂದ ಬಂದಿರುವ ತಾಯಿಯನ್ನೂ, ಇಡ್ಲಿಯ ಹಿಟ್ಟನ್ನೂ ಅದರಲ್ಲಿ ತುಂಬಿಸಿಕೊಂಡು, ಕತ್ತಲು ಕವಿದ ಮೇಲೆ, ಮಳೆ ಜಿನುಗುತ್ತಿರುವಾಗ, ಅಪರಿಚಿತವಾದ ಕ್ಯಾಂಪ್‌ಗ್ರೌಂಡನ್ನು ಸೇರಿ, ದಪ್ಪನೆಯ ಕೇಬಲನ್ನು ಎಳೆದುತಂದು ಕರೆಂಟಿನ ಪೆಟ್ಟಿಗೆಗೆ ಸಿಕ್ಕಿಸುವಾಗ, 'ಅಯ್ಯಾ, ನಿನಗೆ ಈ ವಿದ್ಯೆ ಬರುತ್ತದೆಯೆ?' ಎಂದು ಕೇಳುವವರು ಯಾರೂ ಇಲ್ಲ.

ನಮ್ಮ ಭಾವನವರನ್ನು ಹಾಗೆ ಕೇಳುವ ಧೈರ್ಯ ಇದ್ದವರಿಗೂ ಬರುತ್ತಿರಲಿಲ್ಲವೆನ್ನಿ. ಅವರು ಎಡಿಸನ್ ಪಟ್ಟಣದ ನಿವಾಸಿಗಳು. ಥಾಮಸ್ ಎಡಿಸನ್ ಮಹಾಶಯನು ವಿದ್ಯುದ್ದೀಪವನ್ನು ಸಿದ್ಧಪಡಿಸಿದ ಮೆನ್ಲೋ ಪಾರ್ಕ್ ಈ ಊರಿನ ಎಲ್ಲೆಯೊಳಗೇ ಇರುವುದರಿಂದ, ಮೊದಲು ರಾರಿಟನ್ ಎಂದಿದ್ದ ಹೆಸರನ್ನು ಊರವರು 1954ರಲ್ಲಿ ಎಡಿಸನ್ ಎಂದು ಬದಲಾಯಿಸಿಕೊಂಡರು. ಇಂಥ ಪುಣ್ಯಕ್ಷೇತ್ರಕ್ಕೆ ವರ್ಷಕ್ಕೆ ನಾಲ್ಕು ಕಂತುಗಳಲ್ಲಿ ಆಸ್ತಿ ತೆರಿಗೆಯನ್ನು ಸಲ್ಲಿಸುವವನಿಗೆ ವಿದ್ಯುಚ್ಛಾಸ್ತ್ರದ ಜ್ಞಾನವೂ ರಸೀದಿಯ ಜೊತೆಯಲ್ಲಿಯೇ ಪ್ರಾಪ್ತವಾಗುತ್ತದೆಂಬುದು ಭಾವನವರ ದೃಢವಾದ ನಂಬುಗೆ. ವೃತ್ತಿಯಿಂದ ಅವರು ಸಾಫ್ಟ್‌ವೇರ್ ಇಂಜಿನಿಯರು. ಯಾವ ಯಂತ್ರವೇ ಮುನಿಸಿಕೊಂಡರೂ ಒಮ್ಮೆ ಆರಿಸಿ ಮತ್ತೊಮ್ಮೆ ಹಾಕಿದರೆ ಸರಿಹೋಗುತ್ತದೆಂಬ ಒಂದೇ ಚಿಕಿತ್ಸೆಯಿಂದ ಇಪ್ಪತ್ತು ವರ್ಷಗಳ ಕಾಲ ಕೀರ್ತಿಯನ್ನೂ ಬಡ್ತಿಯನ್ನೂ ಸಂಪಾದಿಸಿದವರು.

ಆ ಬೇಸಗೆಯಲ್ಲಿ ನಾವು ಹೊರಟದ್ದು ನ್ಯೂಯಾರ್ಕ್ ಸಂಸ್ಥಾನದ ಉತ್ತರಭಾಗದಲ್ಲಿರುವ ಲೇಕ್ ಜಾರ್ಜಿಗೆ. ಮೋಟಾರ್‌ಹೋಮು 50 ಆಂಪಿಯರಿನದು. ಕ್ಯಾಂಪ್‌ಗ್ರೌಂಡಿನಲ್ಲಿ ನಮ್ಮ ಪಾಲಿಗೆ ಬಂದ ಕರೆಂಟಿನ ಕಂಬ 30 ಆಂಪಿಯರಿನದು. ಈ ಎರಡು ಸಂಖ್ಯೆಗಳನ್ನು ನೋಡಿ ಅಂತರ ಇಪ್ಪತ್ತೇ ಎಂದು ಸಮಾಧಾನಪಡುವವರು ಮೋಸಹೋಗುತ್ತಾರೆ. ಐವತ್ತರ ಪ್ಲಗ್ಗಿಗೆ ನಾಲ್ಕು ಪಿನ್ನು; ಅದರಲ್ಲಿ 120 ವೋಲ್ಟಿನ ಎರಡು ಫೇಸುಗಳು ಪ್ರತ್ಯೇಕವಾಗಿ ಹರಿದು ಒಟ್ಟು 12,000 ವಾಟುಗಳನ್ನು ಕೊಡಬಲ್ಲವು. ಮೂವತ್ತರದ್ದಕ್ಕೆ ಮೂರೇ ಪಿನ್ನು, ಒಂದೇ ಫೇಸು, 3,600 ವಾಟು. ನಡುವೆ ಸಿಕ್ಕಿಸುವ ಅಡಾಪ್ಟರು ಪಿನ್ನುಗಳ ಲೆಕ್ಕವನ್ನು ಹೊಂದಿಸುತ್ತದೆಯೇ ಹೊರತು ಇಲ್ಲದ ಕರೆಂಟನ್ನು ಹುಟ್ಟಿಸುವುದಿಲ್ಲ. ಈ ಸತ್ಯವು ನಮ್ಮ ಕುಟುಂಬಕ್ಕೆ ಕ್ರಮೇಣ, ಒಂದೊಂದು ಉಪಕರಣದ ಮೂಲಕ, ಮನವರಿಕೆಯಾಯಿತು.

ಮೊದಲನೆಯ ರಾತ್ರಿ ಭಾವನವರು ಕೇಬಲನ್ನು ಸಿಕ್ಕಿಸಿ ಒಳಗೆ ಬಂದು ಗುಂಡಿಯನ್ನು ಒತ್ತಿದರು. ದೀಪಗಳು ಝಗ್ಗನೆ ಬೆಳಗಿದವು. ಅಕ್ಕ ಕೈಮುಗಿದಳು. ಭಾವನವರು ಕೋಟಿನ ಮೇಲಿನ ಮಳೆನೀರನ್ನು ಒರೆಸಿಕೊಳ್ಳುತ್ತ, ಕಂಬಕ್ಕೂ ಮನೆಗೂ ಇರುವ ಸಂಬಂಧವನ್ನು ಕುರಿತು ಸಣ್ಣದೊಂದು ಉಪನ್ಯಾಸವನ್ನು ಆರಂಭಿಸಿದರು. ಅದು ಮುಗಿಯುವ ಮೊದಲೇ ಏಸಿ ನಡೆಯುತ್ತಿಲ್ಲವೆಂದೂ ಮೈಕ್ರೋವೇವಿನ ಗಡಿಯಾರ ಕಪ್ಪಾಗಿದೆಯೆಂದೂ ಮಗ ವರದಿ ಒಪ್ಪಿಸಿದನು.

ಸಂಗತಿಯೇನೆಂದರೆ, ಮೋಟಾರ್‌ಹೋಮಿನೊಳಗೆ ಎರಡು ವಿದ್ಯುತ್ ಸಂಪ್ರದಾಯಗಳು ಸಹಬಾಳ್ವೆ ನಡೆಸುತ್ತವೆ. ದೀಪ, ನೀರಿನ ಪಂಪು ಮುಂತಾದವು ಬ್ಯಾಟರಿಯ 12 ವೋಲ್ಟಿನ ಡಿಸಿ ಪಂಗಡದವು. ಏಸಿ, ಮೈಕ್ರೋವೇವು, ಗೋಡೆಯ ಪ್ಲಗ್ಗುಗಳು ಕಂಬದಿಂದ ಬರುವ 120 ವೋಲ್ಟಿನ ಪಂಗಡದವು. ದೀಪ ಉರಿದರೆ ಬ್ಯಾಟರಿಯಲ್ಲಿ ಜೀವವಿದೆಯೆಂದಷ್ಟೇ ಅರ್ಥ. ಕಂಬದ ಕರೆಂಟು ಒಳಗೆ ಬಂದಿದೆಯೆಂಬುದಕ್ಕೆ ಅದು ಸಾಕ್ಷಿಯಲ್ಲ. 1882ರಲ್ಲಿ ಮ್ಯಾನ್‌ಹಾಟನ್ನಿನ ಪರ್ಲ್ ಬೀದಿಯಿಂದ ಡಿಸಿ ಕರೆಂಟನ್ನೇ ಹಂಚಿ, ಅದರ ಪ್ರತಿಸ್ಪರ್ಧಿಯಾದ ಆಲ್ಟರ್ನೇಟಿಂಗ್ ಕರೆಂಟನ್ನು ವರ್ಷಗಟ್ಟಲೆ ನಿಂದಿಸಿದ ಎಡಿಸನ್ನನ ಊರಿನವರು ಡಿಸಿಯಿಂದಲೇ ಸಂತೃಪ್ತರಾದದ್ದು ಸ್ವಾಭಾವಿಕವೆಂದು ನಾನು ಅಂದೆನು. ನನ್ನ ಮಾತನ್ನು ಭಾವನವರು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಳ್ಳದಿರಲು ನಿಶ್ಚಯಿಸಿದರು.

ಮತ್ತೆ ಮಳೆಗಿಳಿದು ನೋಡಿದಾಗ ಕಂಬದ ಬ್ರೇಕರ್ ಆಫ್ ಆಗಿಯೇ ಇದ್ದಿತು. ಇದರಲ್ಲಿ ದೋಷವೇನೂ ಇಲ್ಲ, ಅದೇ ಶಾಸ್ತ್ರೋಕ್ತ ಕ್ರಮ: ಬ್ರೇಕರನ್ನು ಮೊದಲು ಆರಿಸಬೇಕು, ಆಮೇಲೆ ಪ್ಲಗ್ಗನ್ನು ಪೂರ್ತಿಯಾಗಿ ಒತ್ತಿ ಸಿಕ್ಕಿಸಬೇಕು, ಕಡೆಯಲ್ಲಿ ಬ್ರೇಕರನ್ನು ಹಾಕಬೇಕು, ಇಲ್ಲವಾದರೆ ಸಿಕ್ಕಿಸುವ ಕ್ಷಣದಲ್ಲಿ ಹಾರುವ ಕಿಡಿಗಳು ಪಿನ್ನುಗಳನ್ನು ಸುಟ್ಟು, ಸುಟ್ಟ ಪಿನ್ನು ಸಡಿಲವಾಗಿ, ಸಡಿಲವಾದದ್ದು ಇನ್ನಷ್ಟು ಕಾದು, ಕೊನೆಗೆ ಪ್ಲಗ್ಗಿನ ಪ್ಲಾಸ್ಟಿಕ್ಕೇ ಕರಗುವುದುಂಟು. ಭಾವನವರು ಬ್ರೇಕರ್ ಹಾಕಿದರು. ಆದರೂ ಒಳಗೆ ಏಸಿ ಮಾತಾಡಲಿಲ್ಲ.

ಕಂಬಕ್ಕೂ ಕೇಬಲಿಗೂ ಮಧ್ಯದಲ್ಲಿ, ಬಾಡಿಗೆಯವರು ಕೊಟ್ಟಿದ್ದ ಸರ್ಜ್ ಪ್ರೊಟೆಕ್ಟರ್ ಎಂಬ ಹಳದಿ ಪೆಟ್ಟಿಗೆಯೊಂದು ತೂಗಾಡುತ್ತಿದ್ದಿತು. ಫೇಸು ನ್ಯೂಟ್ರಲ್ಲುಗಳು ಅದಲುಬದಲಾಗಿವೆಯೆ, ಅರ್ಥಿಂಗ್ ಇದೆಯೆ, ವೋಲ್ಟೇಜು ಹೆಚ್ಚುಕಡಿಮೆಯಾಗಿದೆಯೆ ಎಂಬುದನ್ನೆಲ್ಲ ಪರೀಕ್ಷಿಸಿ, ಏಸಿಯ ಕಂಪ್ರೆಸರಿನ ಕ್ಷೇಮಕ್ಕೋಸ್ಕರ ಸುಮಾರು ಎರಡು ನಿಮಿಷ ಕಾದು, ಅನಂತರವೇ ಕರೆಂಟನ್ನು ಒಳಗೆ ಬಿಡುವುದು ಅದರ ಧರ್ಮ. ಇದನ್ನರಿಯದ ಭಾವನವರು ಒಂದು ನಿಮಿಷವಾಗುತ್ತಲೇ ತಮ್ಮ ಪ್ರಸಿದ್ಧ ಚಿಕಿತ್ಸೆಯನ್ನು ಪ್ರಯೋಗಿಸಿದರು: ಆರಿಸಿದರು, ಹಾಕಿದರು. ಪೆಟ್ಟಿಗೆ ಮೊದಲಿನಿಂದ ಎಣಿಸತೊಡಗಿತು. ಮತ್ತೆ ಆರಿಸಿದರು, ಮತ್ತೆ ಹಾಕಿದರು. ಎಡೆಬಿಡದೆ ಈ ಕರ್ಮ ನಡೆಯುತ್ತಿದ್ದಷ್ಟು ಹೊತ್ತೂ ಪೆಟ್ಟಿಗೆಯು ಯಾವ ಪಕ್ಷಪಾತವೂ ಇಲ್ಲದೆ ಪ್ರತಿಸಲವೂ ಹೊಸದಾಗಿ ಎಣಿಕೆಯನ್ನು ಆರಂಭಿಸಿತು. ಕೊನೆಗೆ ಕಿಟಕಿಯಿಂದ ನೋಡುತ್ತಿದ್ದ ಅವರ ತಾಯಿ, "ಮಗು, ಅದನ್ನ ಯಾಕೆ ಅಷ್ಟು ಗೋಳುಹೊಯ್ಕೊತೀಯೋ? ಒಳಗೆ ಬಂದು ಒಂದು ಲೋಟ ಕಾಫಿ ಕುಡಿ" ಎಂದರು. ಅವರು ಬಂದು ಲೋಟವನ್ನು ಬಾಯಿಗಿಡುವ ಹೊತ್ತಿಗೆ ಏಸಿ ಗುರುಗುಟ್ಟಿತು.

ಮರುದಿನ ಬೆಳಗ್ಗೆ ನಿಜವಾದ ಸಂಸಾರ ಪ್ರಾರಂಭವಾಯಿತು. 3,600 ವಾಟು, ಅದರಲ್ಲಿಯೂ ದೀರ್ಘಕಾಲ ಎಳೆಯುವುದಾದರೆ ಶೇಕಡಾ 80ರಷ್ಟೇ, ಅಂದರೆ 24 ಆಂಪಿಯರೇ, ಕ್ಷೇಮ. ಏಸಿಯೊಂದೇ ಹನ್ನೆರಡು ಹದಿಮೂರನ್ನು ನುಂಗುತ್ತದೆ. ನೀರು ಕಾಯಿಸುವ ಬಾಯ್ಲರನ್ನು ಗ್ಯಾಸಿನ ಬದಲು ಕರೆಂಟಿಗೆ ಹಾಕಿದರೆ ಇನ್ನೊಂದು ಹನ್ನೆರಡು. ಅನ್ನಕ್ಕೆ ಇಟ್ಟ ಕರೆಂಟಿನ ಕುಕ್ಕರಿಗೆ ಎಂಟು. ಸೊಸೆಯ ಕುಕ್ಕರಿನ ಜೊತೆಗೆ ಅತ್ತೆಯವರು ಊರಿನಿಂದ ಭಕ್ತಿಯಿಂದ ಹೊತ್ತು ತಂದಿದ್ದ ನೀರು ಕಾಯಿಸುವ ಕಾಯಿಲ್ಲೂ ಇದ್ದಿತು. 230 ವೋಲ್ಟಿಗಾಗಿ ಹುಟ್ಟಿದ ಆ ಬಡಪಾಯಿ 120 ವೋಲ್ಟಿನಲ್ಲಿ ಕಾಲುಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಶಕ್ತಿಯಿಂದ ಕೆಲಸ ಮಾಡುತ್ತ, ಬಕೆಟ್ಟಿನ ನೀರನ್ನು ಮಧ್ಯಾಹ್ನದವರೆಗೂ ಉಗುರುಬೆಚ್ಚಗೆ ಇರಿಸಿತು. ಇಡೀ ವಾಹನದಲ್ಲಿ ಯಾರಿಗೂ ತೊಂದರೆ ಕೊಡದ ಏಕೈಕ ಉಪಕರಣ ಅದು. ಇವೆಲ್ಲ ಒಂದು ಬಗೆಯ ಒಪ್ಪಂದಕ್ಕೆ ಬರುವಷ್ಟರಲ್ಲಿ ಭಾವನವರ ಮಗಳು ಸ್ನಾನ ಮುಗಿಸಿ, ತಲೆಗೂದಲನ್ನು ಆರಿಸಿಕೊಳ್ಳಲು ಹೇರ್ ಡ್ರೈಯರನ್ನು ಹಾಕಿದಳು. ಅದು 1,500 ವಾಟಿನದು. 'ಟಕ್' ಎಂದಿತು, ಸಕಲವೂ ಸ್ತಬ್ಧವಾಯಿತು.

"ರೀ, ಕರೆಂಟು ಹೋಯ್ತು!" ಎಂದು ಅಕ್ಕ ಕೂಗಿದಳು. ಕಂಬದ ಬ್ರೇಕರನ್ನು ಭಾವನವರು ಮತ್ತೆ ಹಾಕಿ ಬಂದರು. ಎಲ್ಲವೂ ಬಂದವು, ಅಡಿಗೆಮನೆಯ ಪ್ಲಗ್ಗೊಂದನ್ನು ಬಿಟ್ಟು. ಚಟ್ನಿಯ ಮಿಕ್ಸಿ ಮೌನವಾಗಿದ್ದಿತು. ಅದನ್ನು ಅಲುಗಿಸಿದರು, ಜಾರನ್ನು ತಿರುವಿದರು, ಕಂಬಕ್ಕೆ ಪುನಃ ಹೋಗಿ ಬಂದರು. ಕಡೆಗೆ ಪಕ್ಕದ ಮೋಟಾರ್‌ಹೋಮಿನ ಮುಂದೆ ಆರಾಮಕುರ್ಚಿಯಲ್ಲಿ ಕುಳಿತು ನಮ್ಮನ್ನು ನಾಟಕದಂತೆ ಸವಿಯುತ್ತಿದ್ದ ಬಿಳಿಗಡ್ಡದ ಮುದುಕನು, ಏಳುವ ಶ್ರಮವನ್ನೂ ತೆಗೆದುಕೊಳ್ಳದೆ, "ಬಚ್ಚಲಿನಲ್ಲಿ ನೋಡಿ" ಎಂದನು.

ಚಟ್ನಿಯ ರೋಗಕ್ಕೆ ಬಚ್ಚಲಿನಲ್ಲಿ ಮದ್ದೇ? ಆದರೆ ಮುದುಕನು ತಿಳಿದವನು. 1961ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ನಿರ್ಮಿಸಿದ ಜಿಎಫ್‌ಸಿಐ ಎಂಬ ರಕ್ಷಣಾಯಂತ್ರವು, ಹೋದ ಕರೆಂಟು ಹಿಂದಿರುಗುವಾಗ ಸುಮಾರು 5 ಮಿಲಿಆಂಪಿಯರಿನಷ್ಟು ಕಡಿಮೆಯಾದರೂ ಅದು ಯಾರದೋ ಮೈಯ ಮೂಲಕ ಹರಿಯುತ್ತಿರಬಹುದೆಂದು ಶಂಕಿಸಿ ಒಡನೆಯೇ ಸಂಪರ್ಕವನ್ನು ಕಡಿದುಬಿಡುತ್ತದೆ. ಖರ್ಚನ್ನು ಉಳಿಸುವ ನಿಮಿತ್ತ ಇಂಥದೊಂದನ್ನು ಬಚ್ಚಲಿನಲ್ಲಿಟ್ಟು, ಅದರ ಹಿಂದಿನಿಂದಲೇ ಅಡಿಗೆಮನೆಗೂ ತಂತಿಯನ್ನು ಎಳೆದಿರುತ್ತಾರೆ. ಒದ್ದೆ ಕೈಯಿಂದ ಹೇರ್ ಡ್ರೈಯರ್ ಹಿಡಿದವಳನ್ನು ಅದು ಕಾಪಾಡಿತ್ತು. ಚಟ್ನಿ ಮಾತ್ರ ಬಲಿಯಾಗಿತ್ತು. ಪರಿಹಾರವೋ ಸುಲಭ, ರೀಸೆಟ್ ಎಂಬ ಗುಂಡಿಯನ್ನು ಒತ್ತುವುದು. ಆದರೆ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿದ್ದಿತು, ಮತ್ತು ಹತ್ತೊಂಬತ್ತು ವರ್ಷದ ಕನ್ಯೆಯೊಬ್ಬಳು ಅರ್ಧ ಆರಿದ ತಲೆಯೊಡನೆ ಸಂಧಾನಕ್ಕೆ ಸಿದ್ಧಳಿರಲಿಲ್ಲ.

ಆ ಸಂಧಾನವನ್ನು ನಡೆಸಿದವರು ಭಾವನವರ ತಾಯಿ. ಅವರು ಮಳವಳ್ಳಿಯ ಕಡೆಯವರು. ಬೇಸಗೆಯಲ್ಲಿ ಲೋಡ್ ಶೆಡ್ಡಿಂಗಿನ ವೇಳಾಪಟ್ಟಿಯನ್ನು ಪಂಚಾಂಗದ ಪಕ್ಕದಲ್ಲಿಯೇ ತೂಗುಹಾಕಿ ಸಂಸಾರ ಮಾಡಿದವರಿಗೆ ಮೂವತ್ತು ಆಂಪಿಯರು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಆರರಿಂದ ಏಳರವರೆಗೆ ಬಾಯ್ಲರು. ಏಳರಿಂದ ಮಿಕ್ಸಿ ಮತ್ತು ಕುಕ್ಕರು. ಅಡಿಗೆಯಾಗುವವರೆಗೆ ಏಸಿ ಬಂದ್, ಸೆಕೆಯಾದವರು ಕೆರೆಯ ದಂಡೆಗೆ ಹೋಗತಕ್ಕದ್ದು. ಹೇರ್ ಡ್ರೈಯರಿಗೆ ಹತ್ತು ನಿಮಿಷ, ಅದೂ 'ನಾನು ಹಾಕುತ್ತೇನೆ' ಎಂದು ಮೊದಲೇ ಕೂಗಿ ಹೇಳಿದ ಮೇಲೆ. ಅಂದಿನಿಂದ ಬ್ರೇಕರ್ ಬೀಳಲಿಲ್ಲ. ಶನಿವಾರದ ಮಧ್ಯಾಹ್ನ ಮಾತ್ರ, ಇಡೀ ಕ್ಯಾಂಪ್‌ಗ್ರೌಂಡಿನ ಏಸಿಗಳು ಒಟ್ಟಿಗೆ ಗರ್ಜಿಸಿ ವೋಲ್ಟೇಜು 104ಕ್ಕಿಂತ ಕೆಳಗಿಳಿದಾಗ, ಹಳದಿ ಪೆಟ್ಟಿಗೆಯೇ ಕರೆಂಟನ್ನು ತಡೆಹಿಡಿಯಿತು. ಅದಕ್ಕೆ ಯಾರ ಮನೆಯ ಅಜ್ಜಿಯೂ ಏನೂ ಮಾಡುವಂತಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಆಲ್ಬನಿಯ ಬಳಿ ಸ್ಕೆನೆಕ್ಟಡಿ ಎಂಬ ಫಲಕ ಕಂಡಿತು. ಶಿವನಸಮುದ್ರದ ವಿದ್ಯುದಾಗಾರಕ್ಕೆ ಯಂತ್ರಗಳನ್ನು ಕಳಿಸಿದ ಜನರಲ್ ಎಲೆಕ್ಟ್ರಿಕ್ ಕಂಪೆನಿ ಆಗ ಇದೇ ಊರಿನದಾಗಿತ್ತೆಂದು ಭಾವನವರು ತಾಯಿಗೆ ವಿವರಿಸಿದರು; 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ಕರೆಂಟನ್ನು ಒಯ್ದರೆಂದೂ, ಬೆಂಗಳೂರಿಗೂ ದೀಪ ಬಂದದ್ದು ಅದರ ಮೂರು ವರ್ಷಗಳ ಮೇಲೆಂದೂ ಹೇಳಿದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲ ಕಣೋ, ಅವರು ಆ ಕಾಲದಲ್ಲೇ ಕಾಡುಮೇಡು ದಾಟಿಸಿ ತೊಂಬತ್ತೆರಡು ಮೈಲಿ ತಂದರು. ನೀನು ಕಂಬದಿಂದ ಬಾಗಿಲಿಗೆ ಮೂವತ್ತು ಅಡಿ ತರೋಕೆ ರಾತ್ರಿಯೆಲ್ಲ ಒದ್ದಾಡಿದೆಯಲ್ಲೋ!" ಎಂದರು.

ಭಾವನವರು ಕನ್ನಡಿಯಲ್ಲಿ ಹಿಂದಿನ ಸೀಟಿನ ಕಡೆಗೊಮ್ಮೆ ನೋಡಿ, "ಕೋಲಾರದ ತುದಿಯಲ್ಲಿ ಹೇರ್ ಡ್ರೈಯರ್ ಇರಲಿಲ್ಲ, ಅಮ್ಮ" ಎಂದರು.