ಉದ್ಯೋಗವಸ್ತ್ರ ಮೀಮಾಂಸೆ: ರಾಮನಗರ ಕಾಂಡ

ಅಥ ವಸ್ತ್ರಜಿಜ್ಞಾಸೆ. ಕೆಲಸಕ್ಕೆ ಹೊರಟವರು ಏನುಡಬೇಕು? ಪೂರ್ವಪಕ್ಷದವರು, ಅಂದರೆ ಬೆಂಗಳೂರಿನ ಎಚ್‌ಆರ್ ಆಚಾರ್ಯರು, ‘ಗುರುವಾರದವರೆಗೆ ಫಾರ್ಮಲ್, ಶುಕ್ರವಾರ ಜೀನ್ಸ್’ ಎಂದು ವಿಧಿಸಿದ್ದಾರೆ. ಈ ಮತ ಕೆಂಗೇರಿ ದಾಟುವುದಿಲ್ಲ. ಅಲ್ಲಿಂದಾಚೆ ಉಡುಪು ಆರಿಸುವ ಅಧಿಕಾರ ಕೆಲಸದ್ದೇ ಎಂಬುದು ನಮ್ಮ ಪ್ರತಿಜ್ಞೆ.

ಮೊದಲ ಪ್ರಮಾಣ, ರಾಮನಗರದ ನೂಲು ಬಿಚ್ಚಾಣಿಕೆ ಘಟಕ. ಒಂದೊಂದು ದ್ವಿತಳಿ ಗೂಡಿನಿಂದ ಸುಮಾರು 1000 ಮೀಟರ್ ಎಳೆ ತೆಗೆಯುವ ಹೆಂಗಸು ತನ್ನ ಮೈಮೇಲೆ ಒಂದು ಮೀಟರ್ ರೇಷ್ಮೆಯನ್ನೂ ಹಾಕಿಕೊಂಡು ಬರುವುದಿಲ್ಲ. ಕುದಿನೀರು, ಹಬೆ, ಬೆಂದ ಹುಳುವಿನ ನಾತ. ಆ ನಾತ ಸಂಜೆ ಅವಳ ಜತೆ ಬಸ್ಸನ್ನೂ ಹತ್ತುತ್ತದೆ. ಆದ್ದರಿಂದ ಮಾಸಿದ ಸೀರೆ, ಮೇಲೊಂದು ತುಂಬುತೋಳಿನ ಗಂಡಸರ ಶರ್ಟು. ಫ್ಯಾಷನ್ ಪಂಡಿತರು ಇದನ್ನು ‘ಫ್ಯೂಷನ್’ ಎನ್ನುವರು. ಗಂಡನ ಹಳೇ ಶರ್ಟನ್ನು ಎಸೆಯುವುದೇಕೆ ಎಂಬ ಕಾರಣದವರೆಗೆ ಅವರ ಶಾಸ್ತ್ರ ಹೋಗಿಲ್ಲ.

ಚನ್ನಪಟ್ಟಣದಲ್ಲಿ ಆಲೆಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಕಾವಿಗೇ ಬಣ್ಣ ಕರಗಿ ಹತ್ತಿಕೊಳ್ಳುತ್ತದೆ. ಸಡಿಲ ಬಿಟ್ಟ ಸೆರಗನ್ನೂ ಲೇತು ಅಷ್ಟೇ ಅಕ್ಕರೆಯಿಂದ ಸುತ್ತಿಕೊಳ್ಳುತ್ತದೆ. 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮು, ಓಡುತ್ತಿರುವ ಯಂತ್ರಕ್ಕೆ ಎಣ್ಣೆ ಬಿಡುವವನು ಮೈಗಂಟಿದ ಉಡುಪು ತೊಟ್ಟಿರಬೇಕು, ಅದನ್ನು ಮಾಲೀಕನೇ ಕೊಡಬೇಕು ಎಂದಿತ್ತು. ಇಡೀ ವಸ್ತ್ರಶಾಸ್ತ್ರದಲ್ಲಿ ಇದರ ಉತ್ತರಾರ್ಧದಷ್ಟು ಮಧುರವಾದ ಮಾತು ಇನ್ನೊಂದಿಲ್ಲ. ಮನೆಯಲ್ಲೇ ಲೇತು ಇಟ್ಟುಕೊಂಡವನು ಆಳೂ ತಾನೇ, ಮಾಲೀಕನೂ ತಾನೇ ಆದ್ದರಿಂದ ತನಗೆ ತಾನೇ ಒಂದು ಬನಿಯನ್ ಕೊಡಿಸಿಕೊಂಡಿದ್ದಾನೆ.

ಕನಕಪುರದ ಕಲ್ಲುಕ್ವಾರಿಗೆ ಒಂದೇ ಸೂತ್ರ: ಯಾವ ಬಣ್ಣ ಉಟ್ಟರೂ ಮಧ್ಯಾಹ್ನಕ್ಕೆ ಬೂದು. ಅಲ್ಲಿ ಗರಿಗರಿ ಬಿಳಿ ಅಂಗಿ ಕಂಡರೆ ತೊಟ್ಟವರ ಉದ್ಯೋಗ ಯಾವುದೆಂಬುದನ್ನು ಅನುಮಾನದಿಂದಲೇ ತಿಳಿಯತಕ್ಕದ್ದು.

ಪಂಚೆ ಕಚೇರಿಗೆ ಸಲ್ಲದೆಂಬ ಆಕ್ಷೇಪವುಂಟು. 1994ರಲ್ಲಿ ರಾಮನಗರದಿಂದ ಗೆದ್ದ ಎಚ್.ಡಿ. ದೇವೇಗೌಡರು 1996ರಲ್ಲಿ ಪಂಚೆಯುಟ್ಟೇ ಪ್ರಧಾನಿಯ ಕುರ್ಚಿಯಲ್ಲಿ ಕೂತು ಅದನ್ನು ಖಂಡಿಸಿದ್ದಾರೆ.

ಇನ್ನು ಟವೆಲ್. ಮಾಗಡಿ ಸೀಮೆಯ ದನಗಳ ಜಾತ್ರೆಯಲ್ಲಿ ದಲ್ಲಾಳಿಯ ಹೆಗಲ ಮೇಲಿರುವುದು ಬೆವರೊರೆಸುವ ಬಟ್ಟೆ ಎನ್ನುವವರು ಅಲ್ಪಜ್ಞರು. ಅದು ಅವನ ಇಡೀ ಕಚೇರಿ. ಅದರ ಮರೆಯಲ್ಲಿ ಬೆರಳು ಹಿಡಿದೇ ಹೋರಿಯ ಬೆಲೆ ಕುದುರುತ್ತದೆ. ಪಕ್ಕದಲ್ಲಿ ನಿಂತವನಿಗೆ ಕಾಣುವುದು ಎರಡು ಮುಖ ಮಾತ್ರ, ಅವೆರಡೂ ಸುಳ್ಳು ಹೇಳುತ್ತಿರುತ್ತವೆ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯ ಠಾಕೂರನೂ ಶಾಲು ಹೊದ್ದೇ ಓಡಾಡಿದ. ಅವನ ಶಾಲಿನಡಿ ಕೈಯೇ ಇರಲಿಲ್ಲ. ದಲ್ಲಾಳಿಯ ಟವೆಲಿನಡಿ ಒಂದು ಕೈ ಹೆಚ್ಚೇ ಇರುತ್ತದೆ. ಜಿಲ್ಲೆಯ ಸರಾಸರಿ ಸರಿಹೋಯಿತು.

ಸಂಬಳವನ್ನು ಪಕ್ಕದ ಕುರ್ಚಿಯವನಿಗೂ ಹೇಳಬಾರದೆನ್ನುವ ಐಟಿ ಕಂಪನಿಗಳು ಸಂದರ್ಶನಕ್ಕೆ ಟೈ ಬಿಡಿಸಿ ಟವೆಲ್ ಕಡ್ಡಾಯ ಮಾಡುವುದು ಶಾಸ್ತ್ರಸಮ್ಮತ. ಟೈ ಮರೆಯಲ್ಲಿ ಎರಡು ಬೆರಳೂ ಹಿಡಿಸುವುದಿಲ್ಲ.